ತಂತಿಗೆ ನೇತಾಡಿದ ಕೆಂಪು ಊರುಗಾಲು

೧೯೪೪ರ ಮಾರ್ಚ್ ೯, ಗುರುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ವಿಜಾಪುರದ ಅಥಣಿ ರಸ್ತೆಯಲ್ಲಿರುವ ಟ್ರೇಲರ್ ಕಾರಖಾನೆಯ ಬಾಗಿಲು ತೆರೆದ ಮಾಲಕ ಅಬ್ದುಲಗನಿ ಹೊಸ್ತಿಲಲ್ಲೇ ನಿಂತುಬಿಟ್ಟ. ಕಾವಲುಗಾರ ಸಾಬಣ್ಣ ಬೋರಲು ಬಿದ್ದಿದ್ದ. ನರೆತ ತಲೆಯ ಹಿಂಭಾಗ ಒಡೆದಿತ್ತು. ಮೈ ತಣ್ಣಗಾಗಿತ್ತು.

ಫೌಜದಾರ ಶಿವಶರಣಪ್ಪ ಏಳಕ್ಕೆ ಬಂದ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು. ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಚಾಳಿ. ಹೊಡೆದ ಆಯುಧ ಸಿಗಲಿಲ್ಲ. ಸತ್ತವನ ಕೊರಳಪಟ್ಟಿಯ ಮೇಲೆ ಹಸಿರು ಬಣ್ಣದ ಬೆರಳಚ್ಚು. ತಂತಿಗೆ ನಾಲ್ಕು ಊರುಗಾಲುಗಳು ಒಣಗಲು ನೇತಾಡುತ್ತಿದ್ದವು. ಲಾರಿ ಬಿಚ್ಚಿದಾಗ ಟ್ರೇಲರ್ ಮುಗ್ಗರಿಸದಂತೆ ಕೆಳಗೆ ಆನಿಸುವ, ಸತುವಿನ ಲೇಪದ ಕೊಳವೆಗಳು. ಮೂರು ಹಸಿರು, ಒಂದು ಕೆಂಪು. ಅದನ್ನೂ ಬರೆದುಕೊಂಡ.

"ನಿನ್ನೆ ಇವನ ಕೊಳ್ಳಪಟ್ಟಿ ಹಿಡದವ್ರು ಯಾರು?"

ಬಣ್ಣ ಬಳಿಯುವ ಮುರ್ತುಜಾಸಾಬ ಮುಂದೆ ಬಂದ. "ನಾನ ರೀ. ಸಂಜಿಕ ನನ್ನ ಬ್ರಶ್ ತುಳದಿದ್ದಾ. ಬೈದ್ನಿ, ಬಿಟ್ನಿ."

"ಇನ್ನೇನ ಬೇಕ್ರಿ?" ಎಂದ ಕಮ್ಮಾರ ಗುರಲಿಂಗಪ್ಪ. "ಹಸರು ಕೈ ಈ ಕಾರಖಾನ್ಯಾಗ ಒಬ್ಬಂದ."

ಶಿವಶರಣಪ್ಪನಿಗೂ ಅಷ್ಟೇ ಸಾಕೆನಿಸಿತು. ಬೇಡಿ ಹಾಕಿದ.

* * *

ಮೂರು ತಿಂಗಳು ಕಳೆಯಿತು. ಮುರ್ತುಜಾಸಾಬನ ಹೆಂಡತಿ ದಾವಲಬಿ ದಿನಾಲೂ ಠಾಣೆಯ ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದಳು. ತೀರ್ಪಿಗೆ ನಾಲ್ಕೇ ದಿನ ಉಳಿದಿತ್ತು. ವಕೀಲ ಕೈಚೆಲ್ಲಿದ್ದ. ಅಂದು ಅವಳು ಅಳಲಿಲ್ಲ.

"ಸಾಹೇಬ್ರ, ನೇಣು ಹಾಕಿದ ಮ್ಯಾಲ ಹೆಣಾ ನಮಗ ಕೊಡ್ತಾರೇನ್ರಿ?"

ಶಿವಶರಣಪ್ಪ ತಲೆ ತಗ್ಗಿಸಿ ಒಳಗೆ ನಡೆದ.

ಮಧ್ಯಾಹ್ನ ಸುದ್ದಿ ಬಂತು: ಟಿಕೋಟಾದಲ್ಲಿ ಸರಕಾರಿ ನೀರಿನ ಟ್ರೇಲರಿನ ಅಚ್ಚು ಮುರಿದಿದೆ. ಅದೇ ಕಾರಖಾನೆಯದು. ಶಿವಶರಣಪ್ಪ ಹೋಗಿ ಅಡಿಯಲ್ಲಿ ನುಸುಳಿದ. ಅಚ್ಚು ಹಳೆಯದು. ಬಿರುಕಿಗೆ ಬೆಸುಗೆ ಹಾಕಿ ಮೇಲೆ ಬಣ್ಣ ಮುಚ್ಚಿದ್ದರು.

ಹೊರಬರುವಾಗ ಊರುಗಾಲು ಕಣ್ಣಿಗೆ ಬಿತ್ತು. ಉಳಿದ ಭಾಗವೆಲ್ಲ ಗಟ್ಟಿ ಹಸಿರು. ಇದೊಂದರ ಬಣ್ಣ ಮಾತ್ರ ಹಪ್ಪಳದಂತೆ ಉಬ್ಬಿತ್ತು. ಉಗುರು ತಾಗಿಸಿದ. ಗೇಣುದ್ದದ ಪದರ ಸಲೀಸಾಗಿ ಕಳಚಿತು. ಮೇಲೆ ಹಸಿರು, ಒಳಗೆ ಕೆಂಪು. ಕೆಳಗೆ ಹೊಳೆಯುವ ಸತು. ಪಾದದ ತಟ್ಟೆಯ ಬೆಸುಗೆಯ ಸಂದಿನಲ್ಲಿ ಕಂದು ಕಲೆ, ಅದಕ್ಕೆ ಅಂಟಿದ ಎರಡು ನರೆಗೂದಲು.

ಟಿಪ್ಪಣಿ ಪುಸ್ತಕ ತಿರುವಿದ. ಮೂರು ಹಸಿರು, ಒಂದು ಕೆಂಪು. ಆಯುಧ ಅವತ್ತು ತನ್ನ ತಲೆಯ ಮೇಲೆಯೇ ನೇತಾಡುತ್ತಿತ್ತು.

ಸಂಜೆಯೊಳಗೆ ಬಬಲೇಶ್ವರಕ್ಕೆ ಹೋಗಿ ಅದೇ ಕಾರಖಾನೆಯ ಇನ್ನೊಂದು ಟ್ರೇಲರಿನ ಊರುಗಾಲನ್ನು ಚಾಕುವಿನಿಂದ ಕೆರೆದ. ಬಣ್ಣ ಜಗ್ಗಲಿಲ್ಲ. ಒಳಗೆ ಕೆಂಪೂ ಇರಲಿಲ್ಲ.

* * *

ಮರುದಿನ ಜೈಲಿನ ಸರಳಿನಾಚೆ ಮುರ್ತುಜಾಸಾಬ ಗೋಡೆ ಹಿಡಿದು ಎದ್ದ.

"ಸತುವಿನ ಮ್ಯಾಲ ಬಣ್ಣ ಹೆಂಗ ಹಚ್ತಿ?"

"ಹಂಗ ಹಚ್ಚಿದ್ರ ನಿಂದ್ರಂಗಿಲ್ರಿ. ಹುಣಸಿ ನೀರಾಗ ತಿಕ್ಕಿ ಹೊಳಪ ಸಾಯಸಬೇಕು. ಆಮ್ಯಾಲ ಬಿಸಿನೀರಾಗ ತೊಳದು ಒಣಗಸಬೇಕ್ರಿ."

"ಹಸರಿನ ಅಡಿಗೆ ಕೆಂಪು ಅಸ್ತರು ಹಚ್ತಿಯೇನು?"

"ತೋಬಾ! ಅದು ಬರೇ ಕಬ್ಬಿಣಕ್ಕ, ತುಕ್ಕು ಹಿಡೀಬಾರ್ದಂತ. ಸತುವಿಗೆ ಹಚ್ಚಾಂವ ಬಣ್ಣಗಾರ ಅಲ್ರಿ ಸಾಹೇಬ್ರ."

* * *

ಶಿವಶರಣಪ್ಪ ನೇರ ಕಾರಖಾನೆಗೆ ಬಂದ. ಮಾಲಕನ ಮುಂದೊಂದು, ಕಮ್ಮಾರನ ಮುಂದೊಂದು ಹೊಸ ಊರುಗಾಲು ಇಡಿಸಿದ.

"ಬಣ್ಣ ಬಳೀರಿ."

"ಓದಿದವ್ರಿಗೆ ಇದೂ ಒಂದ ಕೆಲಸೇನ್ರಿ?" ಗುರಲಿಂಗಪ್ಪ ನಕ್ಕ.

ಅಬ್ದುಲಗನಿ ಬ್ರಶ್ಶನ್ನು ನೇರ ಹಸಿರಿಗೆ ಅದ್ದಿ ಅರ್ಧ ಬಣ್ಣ ತನ್ನ ಚಪ್ಪಲಿಯ ಮೇಲೆ ಚೆಲ್ಲಿಕೊಂಡ. ಗುರಲಿಂಗಪ್ಪನ ಕೈ ಪಳಗಿದ ಕೈ. ಮರಳುಕಾಗದದಿಂದ ತಿಕ್ಕಿದ. ಅರಿವೆಯಿಂದ ಒರೆಸಿದ. ಕೆಂಪು ಡಬ್ಬಿಯ ಮುಚ್ಚಳ ತೆಗೆದ.

"ಅಲ್ಲೇ ನಿಲ್ಲಸು."

ಶಿವಶರಣಪ್ಪ ಕಳಚಿದ ಪದರವನ್ನು ಅವನೆದುರು ಹಿಡಿದ.

"ಮೂವತ್ತು ವರ್ಷ ಚಕ್ಕಡಿಯ ಕಬ್ಬಿಣಕ್ಕ ಅಸ್ತರು ಹಚ್ಚಿದ ಕೈ ಇದು. ಸತುವಿಗೂ ಹಚ್ಚಿತು. ಮುರ್ತುಜಾ ಆಗಿದ್ರ ಹುಣಸಿ ನೀರಾಗ ತೊಳೀತಿದ್ದ. ಬಣ್ಣ ಕಳಚ್ತಿರಲಿಲ್ಲ, ಸಾಬಣ್ಣನ ಕೂದಲಾ ನನಗ ಸಿಗ್ತಿರಲಿಲ್ಲ."

ಗುರಲಿಂಗಪ್ಪನ ಕೈಯಿಂದ ಮುಚ್ಚಳ ಜಾರಿತು.

"ಯುದ್ಧದ ಕಾಲದಾಗ ಹೊಸಾ ಅಚ್ಚು ಎಲ್ಲಿಂದ ತರ್ಲಿ ಯಪ್ಪಾ? ಹಳೇದ ಬೆಸದ್ನಿ. ಸಾಬಣ್ಣ ನೋಡಿದಾ. ಸರಕಾರಕ್ಕ ಹೇಳ್ತೇನಿ ಅಂದಾ. ಬಣ್ಣಾ ಹಚ್ಚದ ಊರುಗಾಲು ಕೈಗೆ ಸಿಕ್ತು. ಎಷ್ಟ ತೊಳದ್ರೂ ಸಂದಿನ ರಕ್ತದ ಕಲಿ ಹೋಗ್ಲಿಲ್ಲ. ಕೆಂಪು ಬಳದು ತಂತಿಗೆ ಹಾಕಿದ್ನಿ. ಮರುದಿನ ಮ್ಯಾಲ ಹಸರು ಹಚ್ಚಿ ಟಿಕೋಟಾಕ್ಕ ಕಳಿಸಿದ್ನಿ."

"ಬೇರೆಯವನ ಕೊರಳಿಗೆ ನೇಣು ಬೀಳೂದ ನೋಡಿಕೋತ ಕುಂತಿದ್ಯಲ್ಲಲೇ!"

ಹೇಳಿದ ಮೇಲೆ ಶಿವಶರಣಪ್ಪ ತನ್ನ ಕೈ ನೋಡಿಕೊಂಡ. ಮುರ್ತುಜಾಸಾಬನಿಗೆ ಬೇಡಿ ಹಾಕಿದ ಕೈ ಅದೇ.

* * *

ತೀರ್ಪಿನ ದಿನ ಬಿಡುಗಡೆಯ ಹುಕುಂ ಬಂತು. ದಾವಲಬಿ ಜೈಲಿನ ಬಾಗಿಲಲ್ಲಿ ಗಂಡನ ತೋಳು ಹಿಡಿದಳು. ತೋಳು ಅವಳ ಒಂದೇ ಮುಷ್ಟಿಯಲ್ಲಿ ಹಿಡಿಸಿತು. ಅವಳು ಫೌಜದಾರನತ್ತ ನೋಡಲಿಲ್ಲ.

ಅವರು ಹೋದ ಮೇಲೆ ಶಿವಶರಣಪ್ಪ ಜೈಲಿನ ತೂಕದ ಪುಸ್ತಕ ತರಿಸಿ, ಎರಡು ಸಾಲುಗಳನ್ನು ತನ್ನ ಟಿಪ್ಪಣಿಗೆ ಇಳಿಸಿಕೊಂಡ. ಮುರ್ತುಜಾಸಾಬ, ಒಳಹೋದ ದಿನ: ನೂರಾ ಇಪ್ಪತ್ತಾರು ಪೌಂಡು. ಹೊರಬಂದ ದಿನ: ತೊಂಬತ್ತೇಳು ಪೌಂಡು.