ಬಿಯರ್ ಕುಡಿದ ಫೋನುಗಳು

"ಈ ಫೋನು ನಿಮಗೆ ಬೇಡ, ಕಸೇರಿತಾ. ನಾನು ಕೊಡೋದಿಲ್ಲ."

ಅಂಗಡಿಯವನೇ ಮಾಲು ಕೊಡುವುದಿಲ್ಲ ಎಂದರೆ ಕೊಳ್ಳಲು ಬಂದವಳು ಏನು ಮಾಡಬೇಕು? ಸೆನೈದಾ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಡದೆ ಅವನ ಮುಖವನ್ನೇ ನೋಡಿದಳು. ಖಾಯಂ ಗಿರಾಕಿಯನ್ನು ಕರೆದ ಹಾಗೆ ಬಾಯ್ತುಂಬ ಕಸೇರಿತಾ ಅನ್ನುತ್ತಾನೆ. ಅವಳು ಅವನ ಅಂಗಡಿಯ ಹೊಸ್ತಿಲು ದಾಟಿದ್ದೇ ಇವತ್ತು.

ಚೆಂದದ ಕಣ್ಣು ಅವನದು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ನಮ್ಮ ಲಾ ಪಾಸ್‌ನ ಎಲೊಯ್ ಸಾಲ್ಮೊನ್ ಬೀದಿಯಲ್ಲಿ ಫೋನಿನ ಅಂಗಡಿಗಳಿಗೆ ಬರವಿಲ್ಲ. ಆದರೂ ಈ ಎಲ್ಮೆರನ ಗೂಡಿಗೇ ಅವಳನ್ನು ಎಳೆದು ತಂದವಳು, ಎಲ್ಲರೂ ಗೌರವದಿಂದ ದೋನ್ಯಾ ಅನ್ನುವ ಸತುರ್ನೀನಾ. ಸೆನೈದಾಳ ಅಮ್ಮ ತೀರಿಕೊಂಡ ಮೇಲೂ ಅವರ ಸಾಲ್ತೆನ್ಯಾ ಅಂಗಡಿಯನ್ನು ಬಿಟ್ಟು ಹೋಗದೆ, ಮಾಂಸದ ರಸ ತುಂಬಿದ ಆ ಕಡುಬುಗಳ ಅಂಚು ಹೆಣೆಯುತ್ತ ಉಳಿದ ಹೆಂಗಸು. ಮೂಲನಿವಾಸಿ ಹೆಂಗಸರ ನೆರಿಗೆ ಲಂಗ, ಟೋಪಿ, ಎರಡು ಜಡೆ, ಯಾರಿಗೂ ಹೆದರದ ಬಾಯಿ.

ಅಂಗಡಿಯ ಆರ್ಡರುಗಳೆಲ್ಲ ಸೆನೈದಾಳ ಒಂದೇ ಫೋನಿಗೆ ಬರುತ್ತಿದ್ದವು. ಅವಳು ಓವನ್ ಮುಂದೆ ನಿಂತರೆ ಕಡುಬು ತರಿಸಿಕೊಳ್ಳುವ ಆಫೀಸಿನವರಿಗೆ ಉತ್ತರ ಕೊಡುವವರಿಲ್ಲ. ಉತ್ತರ ಕೊಡುತ್ತ ನಿಂತರೆ ಕಡುಬು ಕರಕಲು. ಕೆಲಸದವರಿಗೆಲ್ಲ ಒಂದೊಂದು ಫೋನು ಕೊಡಿಸಿಬಿಡೋಣ ಎಂದು ಹೊರಟು ಬಂದಿದ್ದಳು.

"ಯಾಕೆ ಕೊಡಲ್ಲ? ನನ್ನ ಹತ್ರ ದುಡ್ಡಿಲ್ಲ ಅಂದ್ಕೊಂಡ್ರಾ?"

"ದುಡ್ಡಿನ ಮಾತಲ್ಲ. ಇದು ವಿಡಿಯೋ ನೋಡೋ ಹುಡುಗರಿಗೆ ಸರಿ. ನಿಮ್ಮವರ ಕೈಯಲ್ಲಿ ಹಿಟ್ಟು, ಜಿಡ್ಡು, ರಸ... ಇದು ತಡೆಯಲ್ಲ." ಅವನು ಪಕ್ಕಕ್ಕೆ ತಿರುಗಿದ. "ದೋನ್ಯಾ, ನಿಮಗೆ ಓದೋಕೆ ಬರುತ್ತಾ?"

ಸತುರ್ನೀನಾ ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು.

ಸೆನೈದಾಳ ಮೈಯೆಲ್ಲ ಉರಿದುಹೋಯಿತು. *ಲಂಗ ಉಟ್ಟವಳಿಗೆ ಓದು ಬರಲ್ಲ ಅಂತ ತಾನೇ ಹೀಗೆ ಕೇಳೋದು...*

"ನಮ್ಮವರ ಓದು ಕಟ್ಕೊಂಡು ನಿಮಗೇನಾಗಬೇಕು?" ಎಂದವಳೇ ಹೊರಗೆ ಬಂದಳು. ಬಂದು, ಬೀದಿ ದಾಟಿ, ಅವನಿಗೆ ಕಾಣುವ ಹಾಗೆ ಎದುರಂಗಡಿಯಲ್ಲಿ ಅದೇ ಫೋನುಗಳನ್ನು ಕೊಂಡಳು. ಕಸೇರಿತಾ ಎಂದು ಕರೆದವನ ಕಣ್ಣೆದುರೇ ಇನ್ನೊಬ್ಬನ ಹತ್ತಿರ ವ್ಯಾಪಾರ ಮಾಡುವುದೆಂದರೆ ನಮ್ಮಲ್ಲಿ ಕೆನ್ನೆಗೆ ಬಾರಿಸಿದ ಹಾಗೆ. ಅದು ಗೊತ್ತಿದ್ದೇ ಮಾಡಿದಳು.

ಮರುದಿನ ಬೆಳಿಗ್ಗೆ ಅವನು ಅವಳ ಅಂಗಡಿಯ ಮುಂದೆ ಬಂದು ನಿಂತಿದ್ದ.

ಸೆನೈದಾ ಬೆನ್ನು ತಿರುಗಿಸಿದಳು. ಬೇರೆಯವರು ಅವನಿಗೆ ತಟ್ಟೆ ಕೊಟ್ಟರು. ಅವನು ಸಾಲ್ತೆನ್ಯಾವನ್ನು ನೆಟ್ಟಗೆ ಹಿಡಿದು, ಮೂಲೆ ಕಚ್ಚಿ, ಒಂದು ಹನಿ ರಸವನ್ನೂ ಚೆಲ್ಲದೆ ತಿಂದು, ಏನೋ ಹೇಳಲು ಬಾಯಿ ತೆರೆದು, ಹೇಳದೆ ಹೊರಟುಹೋದ. ಅದರ ಮರುದಿನವೂ ಬಂದ. ಆಮೇಲೆ ದಿನವೂ.

*ನಮ್ಮ ಫೋನು ಯಾವಾಗ ಕೆಡುತ್ತೆ ಅಂತ ಕಾಯ್ತಿದ್ದಾನೆ.* ಅವಳಿಗೆ ಹೊಳೆದದ್ದು ಇಷ್ಟೇ. ಆದರೂ ಅವನು ಬರುವ ಹೊತ್ತಿಗೆ ಸರಿಯಾಗಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳಲ್ಲ, ಅದಕ್ಕೇನು ಹೇಳೋಣ?

ಫೋನುಗಳಿನ್ನೂ ಡಬ್ಬಿಯಲ್ಲೇ ಇದ್ದವು. ಮನೆಯಾಗಲಿ, ಗಾಡಿಯಾಗಲಿ, ಹೊಸದಾಗಿ ಬಂದದ್ದಕ್ಕೆ ಮದ್ಯ ಚಿಮುಕಿಸುವ ಚಾಲ್ಯಾ ಪೂಜೆ ಮಾಡಿ, ಭೂತಾಯಿ ಪಚಮಾಮಾಳ ಪಾಲು ಅವಳಿಗೆ ಸಲ್ಲಿಸದೆ ನಾವು ಬಳಸುವುದಿಲ್ಲ. ತಿಂಗಳ ಮೊದಲ ಶುಕ್ರವಾರ ಅಂಗಡಿಯ ಮೇಜಿನ ಮೇಲೆ ಫೋನುಗಳನ್ನು ಸಿಮ್ಮು ಹಾಕಿ, ಆನ್ ಮಾಡಿ ಜೋಡಿಸಿದರು. ಬಣ್ಣದ ಕಾಗದದ ಚೂರು ಎರಚಿದರು.

ನೆಲಕ್ಕೆ ಒಂದು ಗುಟುಕು, ಫೋನುಗಳ ಸುತ್ತ ನಾಲ್ಕು ಹನಿ ಚಿಮುಕಿಸಿದ್ದರೆ ಸಾಕಿತ್ತು. ಸತುರ್ನೀನಾ ಎಂದಾದರೂ ಕೈ ಬಿಗಿಹಿಡಿದವಳೇ? ಬಿಯರ್ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದು, ಹೆಬ್ಬೆರಳು ಅಡ್ಡ ಹಿಡಿದು, ಹೊಸ ಲಾರಿಗೆ ಹೊಡೆಯುವ ಹಾಗೆ ಹೊಡೆದೇ ಹೊಡೆದಳು.

"ಅಯ್ಯೋ ದೋನ್ಯಾ, ಅದು ಲಾರಿಯಲ್ಲ..." ಬಾಗಿಲಲ್ಲಿ ನಿಂತಿದ್ದ ಎಲ್ಮೆರ್ ತಡೆಯಲಾಗದೆ ನಕ್ಕುಬಿಟ್ಟ.

ಒಂದೊಂದೇ ಪರದೆ ಮಿಣಮಿಣ ಎಂದು ಕಪ್ಪಾಯಿತು. ಎಲ್ಲರೂ ಫೋನುಗಳತ್ತ ಬಾಗಿದರು. ಸೆನೈದಾ ಮಾತ್ರ ಅವನ ನಗುವನ್ನು ನೋಡುತ್ತಿದ್ದಳು.

"ನೀವು ಕಾಯ್ತಿದ್ದದ್ದು ಆಯ್ತಲ್ಲ? ಕಣ್ತುಂಬ ನೋಡಿದ್ರಲ್ಲ? ಇನ್ನು ಈ ಕಡೆ ಬರಬೇಡಿ."

ಅವನ ನಗು ಅಲ್ಲೇ ಆರಿತು. "ನಾನು ಅದಕ್ಕೆ ಬರ್ತಿರ್ಲಿಲ್ಲ," ಎಂದಷ್ಟೇ ಹೇಳಿ ಹೊರಟ.

ಶನಿವಾರ ಅವನು ಬರಲಿಲ್ಲ. ಸೋಮವಾರವೂ ಇಲ್ಲ. ಸೆನೈದಾ ಗಿರಾಕಿಗಳ ತಲೆಗಳ ಮೇಲಿಂದ ಬೀದಿಯತ್ತ ನೋಡಿದಳು. *ಬರಬೇಡ ಅಂದವಳು ನಾನೇ. ಹಾಗಿದ್ದೂ ಎದೆಯೊಳಗೆ ಯಾಕಿಷ್ಟು ಖಾಲಿ...* ಅವಳಿಗೆ ಆಗ ಗೊತ್ತಾಯಿತು. ಫೋನು ಹೋದದ್ದಕ್ಕೆ ಅವಳು ಅತ್ತಿರಲಿಲ್ಲ. ಈಗ ಈರುಳ್ಳಿ ಹೆಚ್ಚುವ ನೆಪದಲ್ಲಿ ಅಳುತ್ತಿದ್ದಳು.

"ಮಗಳೇ, ಹೋಗಿ ಮಾತಾಡು," ಎಂದಳು ಸತುರ್ನೀನಾ.

"ನಿಮ್ಮನ್ನ ಹಾಗೆ ಕೇಳಿದವನ ಹತ್ರ ನಾನು ಮಾತಾಡ್ಬೇಕಾ?"

ಸತುರ್ನೀನಾ ಕೆಟ್ಟ ಫೋನುಗಳನ್ನೆಲ್ಲ ಬೆನ್ನಿನ ಬಣ್ಣದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಸೆನೈದಾಳ ಫೋನು ಸದ್ದು ಮಾಡಿತು. ಸತುರ್ನೀನಾಳ ನಂಬರಿನಿಂದ ಒಂದು ವಾಯ್ಸ್ ಮೆಸೇಜು. ಜೀವಮಾನದಲ್ಲಿ ಒಂದು ಮೆಸೇಜು ಕಳಿಸಿದವಳಲ್ಲ. ಸೆನೈದಾ ಗಾಬರಿಯಲ್ಲಿ ಹಿಟ್ಟಿನ ಕೈಯಲ್ಲೇ ಒತ್ತಿದಳು.

"...ಹೀಗೆ ಒತ್ತಿ ಹಿಡಿಯೋದಾ?" ಸತುರ್ನೀನಾಳ ದನಿ. ಹಿಂದೆಯೇ ಎಲ್ಮೆರನದು.

"ಹೂಂ ದೋನ್ಯಾ. ನಿಮ್ಮ ಸಿಮ್ಮು ಇದಕ್ಕೇ ಹಾಕಿದೀನಿ, ಅವು ರಿಪೇರಿ ಆಗೋವರೆಗೂ ಇಟ್ಕೊಳ್ಳಿ. ಒತ್ತಿ ಹಿಡಿದು ಮಾತಾಡಿ, ಆಮೇಲೆ ಬೆರಳು ತೆಗೀರಿ."

"ನಾನೇನು ಮಾತಾಡ್ಲಿ? ನೀನೇ ಮಾತಾಡಪ್ಪ. ನಮ್ಮ ಹುಡುಗಿ ಮೇಲೆ ಕೋಪಾನಾ?"

ಸ್ಟೂಲು ಎಳೆದ ಸದ್ದು.

"ಕೋಪ ಯಾಕೆ? ತಪ್ಪು ನಂದೇ. ನಮ್ಮಮ್ಮನಿಗೂ ಓದೋಕೆ ಬರ್ತಿರ್ಲಿಲ್ಲ, ದೋನ್ಯಾ. ನಾನು ದೊಡ್ಡ ಜಾಣನ ಹಾಗೆ ಫೋನ್ ಕೊಡಿಸಿ, ದಿನಾ ಬರೆದು ಕಳಿಸ್ತಿದ್ದೆ. ಪಾಪ, ಅವಳು ಪಕ್ಕದ ಮನೆಯವರನ್ನ ಬೇಡಿ ಓದಿಸ್ಕೊಳ್ತಿದ್ಲಂತೆ. ಅವಳು ಹೋದ್ಮೇಲೆ ನನಗೆ ಗೊತ್ತಾಯ್ತು. ನಿಮಗೂ ಹಾಗಾಗಬಾರದು ಅಂತ ಕೇಳಿದೆ. ಕೇಳೋ ರೀತಿ ಗೊತ್ತಾಗ್ಲಿಲ್ಲ."

"ಅಷ್ಟು ಹೇಳೋಕೆ ದಿನಾ ಬಂದು ತಿನ್ಬೇಕಿತ್ತಾ?"

"ಮೊದಲ ದಿನ ಕ್ಷಮೆ ಕೇಳೋಕೇ ಬಂದೆ. ಆಮೇಲೆ... ಅವರನ್ನ ನೋಡೋಕೇ ಬರೋ ಹಾಗಾಯ್ತು. ನನಗೆ ಅವರು ಬೇಕು, ದೋನ್ಯಾ. ನನ್ನ ಹತ್ರ ಫೋನು ತಗೊಳ್ಲಿ, ಬಿಡ್ಲಿ."

ಮೆಸೇಜು ಅಲ್ಲಿಗೆ ಮುಗಿಯಿತು.

ಸೆನೈದಾ ಇನ್ನೊಮ್ಮೆ ಕೇಳಿದಳು. ಓವನ್ನಿನಿಂದ ಹೊಗೆ ಬರುತ್ತಿದೆ ಎಂದು ಯಾರೋ ಕೂಗಿದರು. ಅವಳು ಏಪ್ರನ್ ಕೂಡ ಬಿಚ್ಚದೆ ಇಳಿಜಾರಿನ ಬೀದಿಗೆ ಇಳಿದಾಗಿತ್ತು.

ಎಲ್ಮೆರನ ಅಂಗಡಿಯಲ್ಲಿ ಸತುರ್ನೀನಾ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು. ಇವಳನ್ನು ಕಂಡು ಎದ್ದು, ಟೋಪಿ ಸರಿಮಾಡಿಕೊಂಡಳು.

"ನನಗೆ ಓದೋಕೆ ಬರಲ್ಲ ಅನ್ನೋದು ನನಗೆ ಗೊತ್ತಿಲ್ವಾ ಮಗಳೇ? ಅವನು ಕೇಳಿದ್ದಕ್ಕೆ ನನಗೆ ಬೇಜಾರಾಗಿರ್ಲಿಲ್ಲ. ನನ್ನ ಹೆಸರಲ್ಲಿ ನೀನು ಬೇಜಾರು ಮಾಡ್ಕೊಂಡೆ." ಬಾಗಿಲ ತನಕ ಹೋಗಿ ತಿರುಗಿದಳು. "ನಾನು ಓವನ್ ನೋಡ್ಕೋತೀನಿ. ನಿಧಾನಕ್ಕೆ ಬಾ."

ಆ ಮಾತು ಸೆನೈದಾಳಿಗೆ ನಾಟಿತು. ಹೌದು, ನಾಚಿಕೆ ಸತುರ್ನೀನಾಳದಾಗಿರಲಿಲ್ಲ, ತನ್ನದಾಗಿತ್ತು.

ಎಲ್ಮೆರ್ ಎದ್ದು ನಿಂತಿದ್ದ. ಕೈಯಲ್ಲಿನ್ನೂ ಸ್ಕ್ರೂಡ್ರೈವರ್ ಇತ್ತು. "ಏನಾಯ್ತು? ಯಾಕೆ ಓಡಿ ಬಂದ್ರಿ?"

"ಮೆಸೇಜು ಬಂತು."

ಅವನ ಮುಖ ಬಿಳಿಚಿತು. "ದೋನ್ಯಾ... ಬೆರಳು ತೆಗೆದೇ ಇರಲಿಲ್ವಾ?"

"ಕೊನೇಲಿ ತೆಗೆದ್ರು. ಎಲ್ಲಾ ಕೇಳಿಸ್ತು. ಮೈಕು ಚೆನ್ನಾಗಿದೆ."

ಅವನು ಕೂರಲು ಹೋದ, ಕೂರಲಿಲ್ಲ. ಅವಳು ಗಾಜಿನ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿದಳು. ಹಿಟ್ಟಿನ ಗುರುತು ಗಾಜಿಗೆ ಅಂಟಿತು.

"ನಿಮ್ಮ ಮಾತು ಪೂರ್ತಿ ಕೇಳದೆ ಎದುರಂಗಡಿಗೆ ಹೋದೆ, ಎಲ್ಮೆರ್. ಎಲ್ಲರೆದುರು ಬರಬೇಡಿ ಅಂದೆ. ನನ್ನ ತಪ್ಪಾಯ್ತು."

"ನಾನೂ ಆ ಹೊತ್ತಲ್ಲಿ ನಗಬಾರದಿತ್ತು."

"ನಗಬೇಕಿತ್ತು. ನಾನೂ ನಗಬೇಕಿತ್ತು."

ಹೊರಗೆ ಮಿನಿಬಸ್ಸಿನವನು ಊರ ಹೆಸರುಗಳನ್ನು ಕೂಗುತ್ತ ಹೋದ.

"ದೋನ್ಯಾಗೆ ಹೇಳಿದ್ದನ್ನ ನನಗೆ ಹೇಳಿ," ಎಂದಳು ಮೆಲ್ಲಗೆ. "ಫೋನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ."

ದಿನವಿಡೀ ಗಿರಾಕಿಗಳ ಹತ್ತಿರ ಬಡಬಡಿಸುವ ಬಾಯಿ ಅದು. ಈಗ ಅವನು ಸ್ಕ್ರೂಡ್ರೈವರನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತ. ಅವಳು ಕಾದಳು. ಎಷ್ಟು ಹೊತ್ತಾದರೂ ಕಾಯುವವಳಿದ್ದಳು.

"ನೀವು ಬೇಕು, ಸೆನೈದಾ," ಎಂದ ಕೊನೆಗೂ. "ಅಷ್ಟೇ. ಬೇರೇನೂ ತೋಚ್ತಾ ಇಲ್ಲ."

ಅವಳ ಕಣ್ಣು ತುಂಬಿತು. ಈ ಸಲ ಈರುಳ್ಳಿಯ ನೆಪವಿರಲಿಲ್ಲ. "ಅಷ್ಟೇ ಸಾಕು. ನಾಳೆ ಬೆಳಿಗ್ಗೆ ಬನ್ನಿ. ನಮ್ಮವರಿಗೆ ಯಾವ ಫೋನು ಬೇಕು ಅಂತ ಅವರನ್ನೇ ಕೂರಿಸ್ಕೊಂಡು ಕೇಳೋಣ. ನಾವಿಬ್ಬರೂ ಸೇರಿ."

"ಬಾಗಿಲ ಹತ್ರ ನಿಂತಿರ್ಲಾ?"

"ಬಾಗಿಲಲ್ಲಿ ಯಾಕೆ? ಒಳಗೆ ಬನ್ನಿ."

"ಒಳಗೆ ಅಂದ್ರೆ, ಎಲ್ಲಿವರೆಗೆ?"

"ನಾನು ಇರೋವರೆಗೆ," ಎಂದು ಸೆನೈದಾ ಹಿಟ್ಟಿನ ಕೈಯನ್ನು ಅವನ ಕೈಯ ಮೇಲಿಟ್ಟಳು.