ಕ್ಯಾಪ್ ಕೂರುವ ಐದು ನಿಮಿಷ

"ಡಾಕ್ಟ್ರಮ್ಮ, ನಿಮ್ ಕೈ ನಡುಗ್ತಿದೆ."

ಇಂಜೆಕ್ಷನ್ ಹಿಡಿದಿದ್ದ ಸುಪ್ರಜಾ ಹಾಗೇ ನಿಂತುಬಿಟ್ಟಳು. ಹಲ್ಲಿನ ಡಾಕ್ಟರಾಗಿ ಆರು ವರ್ಷವಾಗಿತ್ತು. ಈ ಮಾತನ್ನು ಯಾರೂ ಎದುರಿಗೆ ಆಡಿರಲಿಲ್ಲ. ಗಮನಿಸಿದವರು ಏನೂ ಹೇಳದೆ ಬೇರೆ ಡಾಕ್ಟರ ಕಡೆ ಹೋಗಿರಬೇಕು ಎಂದು ಅವಳೇ ಎಷ್ಟೋ ಸಲ ಅಂದುಕೊಂಡಿದ್ದಳು.

ಕುರ್ಚಿಯಲ್ಲಿ ಒರಗಿದ್ದವನು ಧರ್ಮರಾಜು. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ದಿನಾ ಬೆಳಿಗ್ಗೆ ಹರಾಜು ಕೂಗಿ ಕೂಗಿ ಗಡುಸಾದ ಗಂಟಲು. ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿದ್ದರೂ ಇನ್ನೊಂದು ಕಣ್ಣಲ್ಲಿ ನಗುವಿತ್ತು.

"ಪರ್ವಾಗಿಲ್ಲ ಬಿಡಿ, ನಾನೂ ನಡುಗ್ತಿದೀನಿ. ಇಬ್ರೂ ಒಟ್ಗೆ ನಡುಗೋಣ. ನೀವು ಚುಚ್ಚಿ."

ಅವಳಿಗೆ ನಗು ಬಂತು. ನಗುತ್ತಿದ್ದಂತೆ ಕೈ ನಿಂತಿತು... ಹೇಗೆ ನಿಂತಿತೋ ಅವಳಿಗೇ ತಿಳಿಯಲಿಲ್ಲ.

ಅದು ಎರಡು ಸಾವಿರದ ಒಂಬತ್ತನೇ ಇಸವಿಯ ಡಿಸೆಂಬರ್. ಚಾಮರಾಜಪೇಟೆಯಲ್ಲಿ ಡಾಕ್ಟರ್ ಬದರೀನಾರಾಯಣರ ಕ್ಲಿನಿಕ್ಕಿನಲ್ಲಿ ಸುಪ್ರಜಾ ಸಹಾಯಕ ವೈದ್ಯೆ. ಧರ್ಮರಾಜುವಿನ ದವಡೆ ಹಲ್ಲು ಅರ್ಧಕ್ಕೆ ಮುರಿದಿತ್ತು. ಮೂರು ಸಲ ಕೂರಿಸಿ ರೂಟ್ ಕೆನಾಲ್ ಮುಗಿಸಿದಳು. ಉಳಿದ ಮೋಟು ಹಲ್ಲಿನ ಮೇಲೆ ಜಿರ್ಕೋನಿಯಾ ಕ್ಯಾಪ್ ಹಾಕುವುದೆಂದು ನಿಶ್ಚಯವಾಯಿತು. ಆಗಿನ್ನೂ ಅದು ಹೊಸದು. ಬೆಳ್ಳಗೆ, ಕಲ್ಲಿನಷ್ಟು ಗಟ್ಟಿ.

ಬಂದಾಗಲೆಲ್ಲ ಅವನು ಕ್ಲಿನಿಕ್ಕಿನವರಿಗೆ ಒಂದು ಚೀಲ ಸೊಗಡಿನ ಅವರೆಕಾಯಿ ತರುತ್ತಿದ್ದ. ರಿಸೆಪ್ಷನ್ನಿನ ಚೂಡಾಮಣಿ ಮಧ್ಯಾಹ್ನ ಅದನ್ನು ಸುಲಿಯುತ್ತಾ, ಇದು ನಮ್ಮ ಹೆಸರಿನಲ್ಲಿ ಬಂದಿರುವ ಅವರೆಕಾಯಿಯಲ್ಲ ಮೇಡಂ ಎಂದು ಛೇಡಿಸುತ್ತಿದ್ದಳು. ಸುಪ್ರಜಾ ಕೇಳಿಸದವಳಂತೆ ಉಪಕರಣ ತೊಳೆಯುತ್ತಿದ್ದಳು. ಆದರೆ ಅವನ ಅಪಾಯಿಂಟ್‌ಮೆಂಟ್ ಇರುವ ದಿನ ಗವಿಪುರದ ಮನೆಯಿಂದ ಅರ್ಧ ಗಂಟೆ ಮುಂಚೆಯೇ ಹೊರಡುತ್ತಿದ್ದಳು.

ಮೊದಲ ಸಲ ಕ್ಯಾಪನ್ನು ಮಾಮೂಲಿ ಸಿಮೆಂಟಿನಲ್ಲಿ ಕೂರಿಸಿದಳು. ಹತ್ತೇ ದಿನಕ್ಕೆ ಬಿತ್ತು. ಹರಾಜಿನ ನಡುವೆ ಬಾಯಿಂದ ಹಾರಿ ಟೊಮೆಟೊ ಕ್ರೇಟಿನೊಳಗೆ ಹೋಯಿತಂತೆ, ಮಂಡಿಯವರೆಲ್ಲ ಸೇರಿ ಹುಡುಕಿದರಂತೆ. ಅವನು ನಗುತ್ತಲೇ ಹೇಳಿದ. ಅವಳು ನಗಲಿಲ್ಲ. ಹಲ್ಲು ಮೋಟು, ಹಿಡಿತ ಸಾಲದು ಎಂದು ಎರಡನೇ ಸಲ ರೆಸಿನ್ ಅಂಟಿನಲ್ಲಿ ಕೂರಿಸಿದಳು. ಅದು ಒಮ್ಮೆ ಹಿಡಿದರೆ ಬಿಡುವಂಥದ್ದಲ್ಲ.

ಮೂರನೇ ವಾರಕ್ಕೆ ಅದೂ ಬಿತ್ತು.

ಅವನು ಕ್ಯಾಪನ್ನು ಕರ್ಚೀಫಿನಲ್ಲಿ ಸುತ್ತಿ ತಂದ ದಿನ ಬೆಳಿಗ್ಗೆಯಷ್ಟೇ ಬದರೀನಾರಾಯಣರು ಅವಳನ್ನು ಕರೆದು, ನಿನ್ನ ಮತ್ತು ಆ ಮಂಡಿಯವರ ವಿಷಯ ಪೇಷೆಂಟುಗಳ ಬಾಯಿಗೆ ಬಿದ್ದಿದೆ, ಸ್ವಲ್ಪ ಹುಷಾರಾಗಿರಮ್ಮ ಎಂದಿದ್ದರು. ಅವಳು ಕ್ಯಾಪನ್ನು ಟ್ರೇಯಲ್ಲಿಟ್ಟು ಅವನ ಹಲ್ಲು ನೋಡಿದಳು.

'ರೆಸಿನ್ ಬೀಳೋದಿಲ್ಲ. ಪುಸ್ತಕದಲ್ಲೇ ಇದೆ. ಬಿದ್ದಿದೆ ಅಂದ್ರೆ... ಒಂದೋ ನನಗೆ ಕೆಲಸ ಬರಲ್ಲ, ಇಲ್ಲಾ ಇವರೇ...'

ಎರಡರಲ್ಲಿ ಮೊದಲನೆಯದನ್ನು ಯೋಚಿಸುವ ಧೈರ್ಯ ಅವಳಿಗೆ ಇರಲಿಲ್ಲ.

"ನೀವೇ ಕಿತ್ಕೊಂಡು ಬರ್ತಿದೀರಾ ಅಲ್ವಾ? ಇಲ್ಲಿಗೆ ಬರೋಕೆ ಬೇರೆ ನೆಪ ಸಿಗ್ಲಿಲ್ವಾ ನಿಮಗೆ?"

ಬಾಗಿಲು ತೆರೆದಿತ್ತು. ಹೊರಗೆ ಬೆಂಚಿನ ಮೇಲಿದ್ದ ನಾಲ್ಕೈದು ಜನ ಮಾತು ನಿಲ್ಲಿಸಿದರು.

ಧರ್ಮರಾಜು ನಿಧಾನವಾಗಿ ಎದ್ದ. ಕತ್ತಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ತೋಳಿನ ಮೇಲಿಟ್ಟ. ಹರಾಜು ಕೂಗುವ ಗಂಟಲಿನಿಂದ ಪಿಸುಮಾತಿನಷ್ಟು ದನಿ ಬಂತು.

"ನಾನ್ ಅಂಥೋನಲ್ಲ ಮೇಡಂ."

ಡಾಕ್ಟ್ರಮ್ಮ ಎನ್ನುತ್ತಿದ್ದವನು ಮೇಡಂ ಎಂದಿದ್ದ. ಕ್ಯಾಪು ಟ್ರೇಯಲ್ಲೇ ಉಳಿಯಿತು.

ಮರುದಿನ ಅವಳು ಅದನ್ನು ಓಕಳಿಪುರದ ಲ್ಯಾಬಿಗೆ ತಾನೇ ಒಯ್ದಳು. ಅಳತೆಯಲ್ಲಿ ದೋಷವಿದ್ದರೆ ಲ್ಯಾಬಿನದೇ ತಪ್ಪಾಗಲಿ ಎಂಬ ಆಸೆ... ಅಂಥ ಆಸೆ ತನಗೆ ಬಂತಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆ. ಕ್ಯಾಪ್ ಮಾಡಿಕೊಟ್ಟಿದ್ದ ಶ್ರೀನಿವಾಸಯ್ಯನವರು ಅದನ್ನು ಭೂತಗನ್ನಡಿಯ ಕೆಳಗಿಟ್ಟು ತಿರುಗಿಸಿ ನೋಡಿದರು.

"ಅಂಟೆಲ್ಲಾ ಎಲ್ಲಿತ್ತಮ್ಮ, ಹಲ್ಲಿನ ಮೇಲೋ, ಕ್ಯಾಪಿನ ಒಳಗೋ?"

ಹಲ್ಲಿನ ಮೇಲಿತ್ತು ಎಂದಳು.

"ನೋಡಿ ಮತ್ತೆ. ಇದ್ರೊಳಗೆ ಒಂದು ಚೂರೂ ಹಿಡ್ದಿಲ್ಲ. ಬಾಯಲ್ಲಿಟ್ಟು ಅಳತೆ ನೋಡಿದ್ಮೇಲೆ ಇದನ್ನ ಯಾವ್ದ್ರಲ್ಲಿ ಕ್ಲೀನ್ ಮಾಡಿದ್ರಿ?"

"ಆ್ಯಸಿಡ್ ಜೆಲ್..."

ಆ ಮುದುಕರು ಬೈಯಲಿಲ್ಲ. ಪಿಂಗಾಣಿ ಕ್ಯಾಪಿನ ಕಾಲದಿಂದ ಎಲ್ಲರ ಕೈಯಲ್ಲೂ ಇರುವ ಅಭ್ಯಾಸ ಅದು ಎಂದರು. ಪಿಂಗಾಣಿಗೆ ಅದು ಒಳ್ಳೆಯದು, ಜಿರ್ಕೋನಿಯಾಕ್ಕೆ ಅದೇ ಶತ್ರು. ಜೆಲ್ಲು ಒಳಮೈಗೆ ಕಚ್ಚಿಕೊಂಡು ಅಂಟನ್ನು ಹತ್ತಿರ ಸೇರಿಸುವುದಿಲ್ಲ. ಕಂಪನಿಯವರು ಅಂಟಿನ ಡಬ್ಬಿಯ ಜೊತೆ ಒಂದು ಚೀಟಿ ಕೊಟ್ಟಿರುತ್ತಾರಲ್ಲ, ಓದಲಿಲ್ಲವೇ ಎಂದು ಮೆಲ್ಲಗೆ ಕೇಳಿದರು.

ಓದಿರಲಿಲ್ಲ. ಎಲ್ಲವನ್ನೂ ಮೂರು ಮೂರು ಸಲ ಓದುವವಳು, ಆ ಒಂದು ಚೀಟಿಯನ್ನು ಓದಿರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಕೂತವಳಿಗೆ ತನ್ನ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

'ನನ್ನ ತಪ್ಪಿಗೆ ಅವರನ್ನ ಕಳ್ಳರ ಹಾಗೆ ನಿಲ್ಲಿಸ್ದೆ. ಅಷ್ಟು ಜನರ ಮುಂದೆ...'

ಅಂದಿನಿಂದ ಅವಳ ಕೈ ನಡುಕ ಹೆಚ್ಚಾಯಿತು. ಸಣ್ಣ ಹುಳುಕು ತುಂಬುವುದಕ್ಕೂ ಬದರೀನಾರಾಯಣರನ್ನು ಕರೆಯುತ್ತಿದ್ದಳು. ಮಂಡಿಗೆ ಫೋನ್ ಮಾಡಿದರೆ ಅವನ ತಾಯಿ ಮುನಿಗಂಗಮ್ಮ ಎತ್ತುತ್ತಿದ್ದರು. ಅವನಿಲ್ಲ ಕಣಮ್ಮ ಎನ್ನುತ್ತಿದ್ದರು. ಅವರ ದನಿಯ ಹಿಂದೆ ಅವನ ಹರಾಜಿನ ಕೂಗು ಕೇಳುತ್ತಲೇ ಇರುತ್ತಿತ್ತು. ಮನೆಯಲ್ಲಿ ಅಪ್ಪ ಬಡಿಸಿದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ಕೆಲಸ ಬಿಟ್ಟುಬಿಡಬೇಕು ಎಂದು ರಾಜೀನಾಮೆ ಪತ್ರವನ್ನೂ ಬರೆದಳು. ಆದರೆ ಅವನ ಹಲ್ಲು ತೆರೆದೇ ಇತ್ತಲ್ಲ... ಅದನ್ನು ಮುಚ್ಚದೆ ಎಲ್ಲಿಗೆ ಹೋಗುವುದು?

ಹನ್ನೊಂದನೇ ದಿನ ಬೆಳಿಗ್ಗೆ ಆರೂವರೆಗೆ ಅವಳು ಕಲಾಸಿಪಾಳ್ಯದಲ್ಲಿದ್ದಳು. ಕೊಳೆತ ಕೋಸಿನ ಎಲೆ ತುಳಿಯುತ್ತಾ, ಮೂಟೆ ಹೊತ್ತವರ ಬೈಗುಳ ಕೇಳುತ್ತಾ ಮಂಡಿ ಹುಡುಕಿದಳು. ಬೀನ್ಸ್ ಮೂಟೆಯ ಮೇಲೆ ನಿಂತು ಅವನು ಹರಾಜು ಕೂಗುತ್ತಿದ್ದ. ಅವಳನ್ನು ಕಂಡು ದನಿ ನಿಂತಿತು. ಇಪ್ಪತ್ತು ಜನ ತಿರುಗಿ ನೋಡಿದರು.

ಜನರ ಮುಂದೆ ಅಂದದ್ದನ್ನು ಜನರ ಮುಂದೆಯೇ ವಾಪಸ್ಸು ತೆಗೆದುಕೊಳ್ಳಬೇಕು ಎಂದು ಅವಳು ಬಸ್ಸಿನಲ್ಲೇ ನಿರ್ಧರಿಸಿದ್ದಳು.

"ನೀವು ಕಿತ್ತಿದ್ದಲ್ಲ. ನಾನು ತಪ್ಪು ಮಾಡಿದ್ದೆ, ಅದಕ್ಕೇ ಬಿತ್ತು. ಗೊತ್ತಿಲ್ದೆ ನಿಮ್ಮ ಮೇಲೆ ಹಾಕ್ದೆ. ಕ್ಷಮಿಸಿ."

"ಯಾರ್ಲಾ ರಾಜು ಇದು?" ಎಂದು ಯಾರೋ ನಕ್ಕರು.

ಅವನು ನಗಲಿಲ್ಲ. "ಮನೆಗ್ ಹೋಗಿ ಮೇಡಂ. ಇದು ನೀವು ಬರೋ ಜಾಗ ಅಲ್ಲ" ಎಂದು ಬೇರೆ ಕಡೆ ತಿರುಗಿ ಮತ್ತೆ ಕೂಗಲು ಶುರು ಮಾಡಿದ.

ಮುಗಿಯಿತು ಅಂದುಕೊಂಡಳು. ಆ ವಾರವೆಲ್ಲ ಕ್ಲಿನಿಕ್ಕಿನ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುವುದು, ಮತ್ತೆ ತಗ್ಗಿಸುವುದು... ಕೊನೆಗೆ ತಲೆ ಎತ್ತುವುದನ್ನೇ ಬಿಟ್ಟಳು.

ಶನಿವಾರ ಮಧ್ಯಾಹ್ನ ಚೂಡಾಮಣಿ ಕ್ಲಿನಿಕ್ಕು ಮುಚ್ಚಲು ಬೀಗ ಹುಡುಕುತ್ತಿದ್ದಾಗ ಅವನು ಬಂದ. ಕೈಯಲ್ಲಿ ಅವರೆಕಾಯಿ ಇರಲಿಲ್ಲ. ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತ.

ಸುಪ್ರಜಾ ಎಲ್ಲವನ್ನೂ ಬಿಡಿಸಿ ಹೇಳಿದಳು. ದೊಡ್ಡ ಡಾಕ್ಟರು ಮಾಮೂಲಿ ಸಿಮೆಂಟೇ ಸಾಕು ಅನ್ನುತ್ತಾರೆ. ಬಿದ್ದರೆ ಮತ್ತೆ ಕೂರಿಸಬಹುದು, ಒಳಗೆ ತೊಂದರೆಯಾದರೆ ಸುಲಭವಾಗಿ ತೆಗೆಯಬಹುದು. ರೆಸಿನ್ ಸರಿಯಾಗಿ ಹಿಡಿದರೆ ಮುಂದೆ ತೆಗೆಯಲು ಕ್ಯಾಪನ್ನೇ ಕತ್ತರಿಸಬೇಕು. ಶ್ರೀನಿವಾಸಯ್ಯನವರು ಕ್ಯಾಪಿನ ಒಳಮೈಯನ್ನು ಹೊಸದಾಗಿ ಉಜ್ಜಿ ಕೊಟ್ಟಿದ್ದಾರೆ. ಎಂಜಲು ತಾಗಬಾರದು, ಆದ್ದರಿಂದ ಈ ಸಲ ಇಟ್ಟು ನೋಡುವಂತಿಲ್ಲ. ಒಂದೇ ಸಲಕ್ಕೆ ಕೂರಿಸಬೇಕು.

ಅವನು ಅವಳ ಕಡೆ ತಿರುಗಿದ.

"ನಿಮ್ ಹಲ್ಲಾಗಿದ್ರೆ ಯಾವ್ದು ಹಾಕಿಸ್ಕೋತಿದ್ರಿ?"

"ರೆಸಿನ್. ಆದ್ರೆ... ನನ್ನ ಕೈಲಲ್ಲ."

"ನಂಗೆ ನಿಮ್ ಕೈಲೇ ಬೇಕು."

ಹಳೆಯ ಅಂಟನ್ನೆಲ್ಲ ಕೆರೆದು ತೆಗೆದಳು. ಹತ್ತಿ ಇಟ್ಟು ಹಲ್ಲು ಒಣಗಿಸಿದಳು. ಚೀಟಿಯನ್ನು ಎದುರಿಗೇ ಅಂಟಿಸಿಕೊಂಡಿದ್ದಳು. ಕ್ಯಾಪ್ ಕೂರಿಸಿ, ಅಂಚಿಗೆ ಬಂದ ಅಂಟು ಒರೆಸಿ, ಬೆರಳಿನಿಂದ ಒತ್ತಿ ಹಿಡಿದಳು. ಐದು ನಿಮಿಷ. ಅವನು ಬಾಯಿ ಮುಚ್ಚುವಂತಿಲ್ಲ, ನಾಲಿಗೆ ಆಡಿಸುವಂತಿಲ್ಲ.

ಗೋಡೆ ಗಡಿಯಾರದ ಸದ್ದು. ಅವಳ ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು.

"ಆವತ್ತು ಯಾಕೆ ಹಾಗಂದೆ ಗೊತ್ತಾ? ನೀವು ನೆಪ ಮಾಡ್ಕೊಂಡು ಬರ್ತಿದೀರಾ ಅಂತಲ್ಲ. ಬರ್ಲಿ ಅಂತ ನಾನೇ ಕಾಯ್ತಿದ್ದೆ. ಅದು ಎಲ್ಲರಿಗೂ ಗೊತ್ತಾಗ್ಹೋಯ್ತು ಅಂತ ಹೆದರಿದ್ದೆ. ನನ್ನ ಭಯಾನ ನಿಮ್ಮ ತಲೆ ಮೇಲೆ ಹಾಕ್ಬಿಟ್ಟೆ..."

ಅವನ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಹರಿಯಿತು. ಅವಳ ಇನ್ನೊಂದು ಕೈ ಕುರ್ಚಿಯ ತೋಳಿನ ಮೇಲಿತ್ತು. ಅವನ ಒರಟು ಬೆರಳುಗಳು ಅದರ ಮೇಲೆ ಬಂದು ಕೂತವು.

ಐದು ನಿಮಿಷ ಮುಗಿದ ಮೇಲೂ ಅವಳು ಒಂದು ನಿಮಿಷ ಹಾಗೇ ಒತ್ತಿ ಹಿಡಿದಿದ್ದಳು.

ಅವನು ಬಾಯಿ ಮುಕ್ಕಳಿಸಿ ಎದ್ದು ಕೂತ.

"ಒಂದ್ ಮಾತು ಡಾಕ್ಟ್ರಮ್ಮ. ಆವತ್ತು ಅದು ತಾನಾಗೇ ಬಿತ್ತು. ಆದ್ರೆ ಬಿದ್ದಾಗ ನಂಗೆ ಖುಷಿಯಾಗಿತ್ತು. ಅದ್ಕೇ ನಿಮ್ ಮಾತು ಅಷ್ಟ್ ಚುಚ್ಚಿದ್ದು."

ಅವಳು ಮಾಸ್ಕ್ ತೆಗೆದಳು.

"ಇದಿನ್ನು ಬೀಳಲ್ವಾ?"

"ಬೀಳಲ್ಲ."

"ಹಂಗಾದ್ರೆ ಇಲ್ಲಿಗ್ ಬರೋಕೆ ನೆಪ?"

"ಇಲ್ಲಿಗೆ ಬೇಡ. ನಾಳೆ ಗವಿಪುರಕ್ಕೆ ಬನ್ನಿ. ಅಪ್ಪ ಮನೇಲಿರ್ತಾರೆ."

ಅವನು ತನ್ನ ಕೈ ಚಾಚಿ ತೋರಿಸಿದ. ಬೆರಳು ನಡುಗುತ್ತಿದ್ದವು.

"ಪರ್ವಾಗಿಲ್ಲ," ಎಂದು ಅವಳು ಆ ಕೈ ಹಿಡಿದಳು. "ನಾನೂ ಪಕ್ಕದಲ್ಲೇ ಇರ್ತೀನಲ್ಲ."