ಎರಡು ಕಂಬಗಳ ನಡುವೆ

ಅಜ್ಜಂದಿರ ಕಾಲದಲ್ಲಿ ಕಾಲರಾ ಬಂದು ನಮ್ಮೂರು ಹೊಳೆಯ ಈಚೆಗೆ ಸರಿಯಿತು. ಹಳೇ ಊರಿನ ಮನೆಗಳ ಕಲ್ಲುಕಂಬಗಳ ಮೇಲೆ ಈಗ ದ್ರಾಕ್ಷಿ ಚಪ್ಪರವಿದೆ. ನನ್ನ ಗಂಡ ತೀರಿಕೊಂಡ ತೊಂಬತ್ತೆಂಟರಲ್ಲಿ, ಅವರು ಹೋದ ಮೇಲಿನ ಮೊದಲ ಕೊಯ್ಲಿಗೆ ಮಳೆಯ ಸೂಚನೆಯಿತ್ತು; ಅವತ್ತೇ ಕೊಯ್ಯದಿದ್ದರೆ ಹಣ್ಣು ಹಾಳಾಗುತ್ತಿತ್ತು. ಕೂಲಿ ಹೆಂಗಸರು ಬಳ್ಳಿಯೇ ಹಬ್ಬದೆ ಉಳಿದ ಎರಡು ಕಂಬಗಳ ಮುಂದೆ, ಅದು ಹಳೇ ಮನೆಯೊಂದರ ಬಾಗಿಲಿದ್ದ ಜಾಗವೆಂದು ಹೆದರಿ ನಿಂತರು. ಅವರ ಭಯ ಬಿಡಿಸಲು ನಾನೇ ಮುಂದಾದೆ.

"ಬಗ್ಗಿ ಹೋಗವ್ವಾ, ಬಾಗ್ಲು ತಲೆಗೆ ಬಡಿದೀತು," ಎಂದರು ಅತ್ತೆ ವೆಳ್ಳೈಯಮ್ಮಾಳ್.

"ಎಲ್ಲಿದೆ ಬಾಗ್ಲು, ಅತ್ತೆ? ಬರೀ ಬಿಸಿಲು."

"ಓದಿದವಳಿಗೆ ಬಿಸಿಲೇ ಕಾಣೋದು."

ನೆಟ್ಟಗೆ ನಡೆದೆ. ಹಣೆಗೆ ತಣ್ಣನೆಯ ಮರ ಬಡಿಯಿತು. ಕೈಯೆತ್ತಿ ತಡಕಿದರೆ ಏನೂ ಇಲ್ಲ. ಹೆಂಗಸರು ಬುಟ್ಟಿಗಳನ್ನು ಬಿಟ್ಟು ಓಡಿದರು.

ಅತ್ತೆ ಸೆರಗಿನಿಂದ ನನ್ನ ಬರಿ ಹಣೆ ಒರೆಸಿದರು. ಗಾಯವಿರಲಿಲ್ಲ. ಸೆರಗಿಗೆ, ಬಾಗಿಲಿಗೆ ಹಚ್ಚುವಂಥ ಹಸಿ ಅರಿಶಿನ, ಕುಂಕುಮ ಹತ್ತಿತ್ತು.